ಸರ್ಕ್ಯುಲರ್ ಕಡ್ಡಿ: ನಾಲ್ಕು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಸ್ವೆಟರ್ ಒಗೆದವರಿಗೆ ಗೊತ್ತು, ಮೈಯೆಲ್ಲ ಒಣಗಿದರೂ ಬದಿಯ ಹೊಲಿಗೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಮೂರು ದಿನ ಹಾಕಿಟ್ಟರೂ ಕಂಕುಳ ಹತ್ತಿರ ಮುಟ್ಟಿದರೆ ತಣ್ಣಗೆ. ಅಲ್ಲಿ ಎರಡು ಪದರ ಸೇರಿರುತ್ತಲ್ಲ, ಬೂಷ್ಟು ಹಿಡಿಯುವುದೂ ಅಲ್ಲಿಂದಲೇ. ಬದಿಯ ಹೊಲಿಗೆಯೇ ಇಲ್ಲದ ಸ್ವೆಟರ್ ಹೆಣೆಯಬೇಕು ಅಂತ ನಾಲ್ಕು ವರ್ಷದ ಹಿಂದೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ 4 ಎಂ.ಎಂ. ದಪ್ಪದ, 80 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ ತಂದೆ. ನಮ್ಮತ್ತೆಯ ಕಾಲದವರು ಎಂಟನೇ ನಂಬರ್ ಅನ್ನುವುದು ಇದಕ್ಕೇ. ಅಮೆರಿಕದ ಪ್ಯಾಟರ್ನ್ ನೋಡಿ ಹಾಕುವವರು ಜೋಪಾನ, ಅಲ್ಲಿನ ಎಂಟು ಅಂದರೆ 5 ಎಂ.ಎಂ.

ಎರಡು ಗಿಡ್ಡ ಕಡ್ಡಿ, ನಡುವೆ ಪ್ಲಾಸ್ಟಿಕ್ ಕೇಬಲ್. ಇಷ್ಟೇ. ಉದ್ದ ಕಡ್ಡಿಯಲ್ಲಿ ಹಾಕುವಾಗ ಒಂದು ಸಾಲು ಸೀದಾ (ನೂಲು ಹಿಂದೆ ಇಟ್ಟು ಹಾಕುವುದು), ತಿರುಗಿಸಿ ಒಂದು ಸಾಲು ಉಲ್ಟಾ (ನೂಲು ಮುಂದೆ ತಂದು ಹಾಕುವುದು). ಇದರಲ್ಲಿ ಸಾಲಿನ ಎರಡು ತುದಿ ಕೂಡಿಸಿ ಕೊಳವೆಯಂತೆ ಸುತ್ತು ಹಾಕುವಾಗ ಬಟ್ಟೆಯ ಮುಂಭಾಗ ಸದಾ ನಮ್ಮ ಕಡೆಗೇ ಇರುತ್ತದೆ, ಆದ್ದರಿಂದ ಬರೀ ಸೀದಾ. ಭಾರವೆಲ್ಲ ತೊಡೆಯ ಮೇಲೆ ಕೂರುವುದರಿಂದ ನನ್ನ ಮಣಿಕಟ್ಟಿನ ನೋವು ಎಷ್ಟೋ ಕಡಿಮೆಯಾಗಿದೆ. ಬಸ್ಸಿನಲ್ಲಿ ಪಕ್ಕದವರಿಗೆ ತಿವಿಯುವ ಭಯವಿಲ್ಲ. ತೀರ್ಥಹಳ್ಳಿ ಬಿಟ್ಟು ಮಂಡಗದ್ದೆ ಬರುವಷ್ಟರಲ್ಲಿ ನಾಲ್ಕು ಸುತ್ತು ಮುಗಿದಿರುತ್ತದೆ.

ಆದರೆ ಕಲಿಯಲು ಎರಡು ಸ್ವೆಟರ್ ಬಲಿ ಕೊಟ್ಟೆ. ಮೊದಲನೆಯದರಲ್ಲಿ ಕುಣಿಕೆ ಎತ್ತಿಕೊಂಡು ಸುತ್ತು ಕೂಡಿಸುವಾಗ ಅಂಚು ಒಂದು ಕಡೆ ತಿರುಚಿಕೊಂಡಿತ್ತು, ಆರು ಸುತ್ತಾದ ಮೇಲೆ ಕಂಡಿತು. ಆಮೇಲೆ ಅದನ್ನು ಸರಿಮಾಡಲು ಬರುವುದಿಲ್ಲ, ಪೂರ್ತಿ ಬಿಚ್ಚಬೇಕು. ಕೂಡಿಸುವ ಮುಂಚೆ ಮೇಜಿನ ಮೇಲೆ ಹರಡಿ, ಅಂಚು ಪೂರ್ತಿ ಒಳಮುಖವಾಗಿದೆಯಾ ಅಂತ ಬೆರಳಾಡಿಸಿ ನೋಡಿ. ಎರಡನೆಯದು ಮಗಳದ್ದು. ಎಷ್ಟು ಕುಣಿಕೆಗೆ ಎಷ್ಟು ಅಗಲ ಅಂತ ನೋಡಲು ಮೊದಲು ಹಾಕುವ ಅಳತೆ ತುಂಡನ್ನು ಹಳೇ ರೂಢಿಯಂತೆ ಸೀದಾ-ಉಲ್ಟಾ ಹಾಕಿದ್ದೆ, 10 ಸೆಂ.ಮೀ.ಗೆ 22 ಕುಣಿಕೆ ಬಂತು. ಆ ಲೆಕ್ಕದಲ್ಲಿ 180 ಕುಣಿಕೆಗೆ ಸುಮಾರು 82 ಸೆಂ.ಮೀ. ಆಗಬೇಕಿತ್ತು, ಆದದ್ದು 75. ನನ್ನ ಉಲ್ಟಾ ಸಾಲು ಸಡಿಲ. ಬರೀ ಸೀದಾ ಹಾಕಿದರೆ ಹೆಣಿಗೆ ಬಿಗಿಯಾಗಿ 24 ಕೂರುತ್ತದೆ. ಈಗ ತುಂಡು ಹಾಕುವಾಗ ಸಾಲು ಮುಗಿದರೆ ತಿರುಗಿಸುವುದಿಲ್ಲ. ಕುಣಿಕೆಗಳನ್ನು ಬಲತುದಿಗೆ ಸರಿಸಿ, ನೂಲನ್ನು ಹಿಂದೆ ಸಡಿಲವಾಗಿ ಬಿಟ್ಟು ಮತ್ತೆ ಸೀದಾ ಶುರು ಮಾಡುತ್ತೇನೆ.

ಹೊಸ ಕೇಬಲ್ ಸುರುಳಿ ಬಿಡುವುದಿಲ್ಲ. ಹಂಡೆಯ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಎಳೆದು ಹಿಡಿದರೆ ಮೆತ್ತಗಾಗುತ್ತದೆ. ಎರಡನೇ ಸಲ ಅಗ್ಗಕ್ಕೆ ಸಿಕ್ಕಿತೆಂದು ತಂದ ಜೋಡಿ ಮಾತ್ರ ಬೇಸರ ತರಿಸಿತು: ಕಡ್ಡಿ, ಕೇಬಲ್ ಸೇರುವಲ್ಲಿ ಕೂದಲೆಳೆಯಷ್ಟು ಏರು, ಪ್ರತಿ ಕುಣಿಕೆಯೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎರಡು ತಿಂಗಳಿಗೆ ಕೇಬಲ್ಲೇ ಕಳಚಿತು. ಕೊಳ್ಳುವಾಗ ಆ ಜಾಗಕ್ಕೆ ಉಗುರು ಆಡಿಸಿ ನೋಡಿ. ಬಿದಿರಿನದು ಚಳಿಗಾಲಕ್ಕೆ ಚೆಂದ, ಆಷಾಢದ ತೇವಕ್ಕೆ ನೂಲು ಜಾರುವುದೇ ಇಲ್ಲ. ನಮ್ಮೂರಿಗೆ ಸ್ಟೀಲೇ ಸರಿ.

ಮುಂಭಾಗದಲ್ಲಿ ಗುಂಡಿ ಇರುವ ಮಾವನವರ ಸ್ವೆಟರನ್ನು ಈಗಲೂ ಬೇರೆ ಬೇರೆ ಭಾಗವಾಗಿ ಹಾಕಿಯೇ ಹೊಲಿಯುತ್ತೇನೆ. ಅವರಿಗೆ ದಪ್ಪ ನೂಲೇ ಬೇಕು, ಹೊಲಿಗೆಯ ಆಸರೆ ಇಲ್ಲದಿದ್ದರೆ ಅದು ಭಾರಕ್ಕೆ ಜೋಲುತ್ತದೆ. ಅದಕ್ಕೂ ಇದೇ ಕಡ್ಡಿ, ಸುತ್ತು ಕೂಡಿಸದೆ ಹಿಂದಕ್ಕೂ ಮುಂದಕ್ಕೂ ಹಾಕಿದರಾಯಿತು. ಕುಲಾವಿಗೆ ಮಾತ್ರ 80 ಸೆಂ.ಮೀ. ವಿಪರೀತ ಉದ್ದ. ಕೇಬಲ್ ಮಡಚಿ ಹಾಕುವ ಉಪಾಯ ನನ್ನ ಕೈಗೆ ಇನ್ನೂ ಒಗ್ಗಿಲ್ಲ, ಅತ್ತೆ ಕೊಟ್ಟ ಎರಡೂ ತುದಿ ಚೂಪಿನ ನಾಲ್ಕು ಕಡ್ಡಿಗಳಲ್ಲೇ ಹಾಕುತ್ತಿದ್ದೇನೆ.