ತಾನಾಗಿಯೇ ಸುದ್ದಿ ತಂದುಕೊಡುವ ಪುಶ್ ತಂತ್ರಾಂಶ: ಸಹಿ ಹಾಕುವ ಮುನ್ನ ಓದಿ

ಅಮೆರಿಕದ ಸ್ಯಾನ್ ಹೊಸೆ ಸುತ್ತಮುತ್ತ ಸಣ್ಣ ಕಚೇರಿ ನಡೆಸುತ್ತಿರುವ ಕನ್ನಡಿಗ ಮಿತ್ರರು ಪುಶ್ ತಂತ್ರಾಂಶಕ್ಕೆ ಹಣ ಕೊಡುವ ಮುನ್ನ ದಯವಿಟ್ಟು ಇದನ್ನು ಓದಬೇಕು. 1996ರಲ್ಲಿ ಇಂಥದೇ ತಂತ್ರಾಂಶವಾದ ಪಾಯಿಂಟ್‌ಕಾಸ್ಟ್ ಸುದ್ದಿ, ಷೇರು ಬೆಲೆ, ಹವಾಮಾನಗಳನ್ನು ಸ್ಕ್ರೀನ್‌ಸೇವರ್ ಮೇಲೆ ಹರಿಸಿದಾಗಿನಿಂದ ಎಲ್ಲರಿಗೂ ಇದೇ ಗುಂಗು ಹಿಡಿದಿತ್ತು; 1997ರಲ್ಲಿ ಮೈಕ್ರೋಸಾಫ್ಟ್ ಕೂಡ ತನ್ನ ಬ್ರೌಸರ್ ಆದ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ಹೀಗೆ ತಾನಾಗಿ ಸುದ್ದಿ ತರುವ ಚಾನೆಲ್‌ಗಳನ್ನು ಸೇರಿಸಿತು. ಆ ಗಾಳಿಯಲ್ಲೇ ಇನ್ನೊಂದು ಕಂಪನಿಯ ಮಾರಾಟಗಾರರು ನಮ್ಮಲ್ಲಿಗೆ ಬಂದು, “ನಿಮ್ಮ ಯಂತ್ರಗಳು ಏನನ್ನೂ ಕೇಳಬೇಕಿಲ್ಲ, ನಮ್ಮ ಸರ್ವರ್ ತಾನೇ ಕಳುಹಿಸುತ್ತದೆ, ಲೈನಿಗೆ ಭಾರವೇ ಇಲ್ಲ” ಎಂದು ಹೇಳಿ ವರ್ಷದ ಚಂದಾವನ್ನು ಮುಂಗಡವಾಗಿ ಪಡೆದರು.

ಅಳವಡಿಸಿದ ಮೇಲೆ ಗಂಟೆಗೊಮ್ಮೆ ಇ-ಮೇಲ್ ನಿಂತುಹೋಗತೊಡಗಿತು. ಕಚೇರಿಯ ಇಂಟರ್ನೆಟ್ ಬಳಕೆಯೆಲ್ಲ ಹಾದುಹೋಗುವ ಪ್ರಾಕ್ಸಿ ಸರ್ವರಿನ ಲಾಗ್ (ದಾಖಲೆ) ತೆರೆದು ನೋಡಿದಾಗ ನನಗೆ ಮೈಯೆಲ್ಲ ಉರಿಯಿತು. ಅವರ ಸರ್ವರ್ ಏನನ್ನೂ ತಾನಾಗಿ ಕಳುಹಿಸುತ್ತಿರಲಿಲ್ಲ. ನಮ್ಮ ಇಪ್ಪತ್ತು ಯಂತ್ರಗಳೇ ಗಂಟೆ ಗಂಟೆಗೂ ಹೋಗಿ ಕೇಳಿ ತರುತ್ತಿದ್ದವು, ಅದೂ ಒಂದೇ ಪತ್ರಿಕೆಗಾಗಿ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಅಂಗಡಿಗೆ ಹೋಗಿಬರುವ ಹಾಗೆ. ನಮ್ಮದು ಸೆಕೆಂಡಿಗೆ 128 ಕಿಲೋಬಿಟ್‌ನ ಐ.ಎಸ್.ಡಿ.ಎನ್. (ಡಿಜಿಟಲ್ ಟೆಲಿಫೋನ್) ಲೈನು. ಯಂತ್ರವೊಂದಕ್ಕೆ ಒಂದು ಮೆಗಾಬೈಟ್ ಎಂದರೂ ಇಪ್ಪತ್ತು ಯಂತ್ರಗಳಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು, ಮತ್ತು ಬಂದದ್ದರಲ್ಲಿ ಬಹುಪಾಲು ಕುಣಿಯುವ ಜಾಹೀರಾತು! “ಹವಾಮಾನ ವರದಿ ಬಂತು, ಗ್ರಾಹಕರ ಪತ್ರ ಬರಲಿಲ್ಲ” ಎಂದು ಸಹೋದ್ಯೋಗಿಗಳು ನನ್ನ ಮುಖದೆದುರೇ ನಕ್ಕರು.

ಫೋನ್ ಮಾಡಿದರೆ ಮೊದಲ ಉತ್ತರ, “ಎಲ್ಲ ಪುಶ್ ತಂತ್ರಾಂಶಗಳೂ ಹೀಗೆಯೇ ಕೆಲಸ ಮಾಡುತ್ತವೆ” ಎಂದು. ಹಾಗಿದ್ದರೆ ಅಂದು ಹೇಳಿದ್ದೇನು ಎಂದು ಕೇಳಿದ್ದಕ್ಕೆ, “ಅದು ಬಳಸುವವರ ಅನುಭವದ ವರ್ಣನೆ” ಎಂದರು. ವರ್ಣನೆಯಂತೆ! ಪ್ರದರ್ಶನದಲ್ಲಿ ಎಲ್ಲವೂ ಅಷ್ಟು ಬೇಗ ಹೇಗೆ ಬಂತು ಎಂದು ಒತ್ತಾಯಿಸಿದಾಗ, ಅಂದು ತೋರಿಸಿದ ಸುದ್ದಿಗಳನ್ನೆಲ್ಲ ಮೊದಲೇ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬಂದಿದ್ದೆವು ಎಂದು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡರು. ಕೊನೆಗೆ ಅವರು ಸೂಚಿಸಿದ ಪರಿಹಾರವೆಂದರೆ ಇನ್ನೂ ವೇಗದ ಟಿ-1 ಲೈನು, ಅದನ್ನೂ ಅವರ ಮೂಲಕವೇ ಪಡೆಯಬೇಕಂತೆ. ಹಣ ಹಿಂದಿರುಗಿಸಿ ಎಂದರೆ, “ಸೇವೆ ನಡೆಯುತ್ತಲೇ ಇದೆಯಲ್ಲ” ಎನ್ನುತ್ತಾರೆ.

ಪ್ರದರ್ಶನವನ್ನು ನಿಮ್ಮದೇ ಲೈನಿನಲ್ಲಿ, ಎಲ್ಲ ಯಂತ್ರಗಳನ್ನೂ ಏಕಕಾಲಕ್ಕೆ ಓಡಿಸಿ ತೋರಿಸಲು ಹೇಳಿ. ಒಮ್ಮೆ ತಂದದ್ದನ್ನು ಕಚೇರಿಯ ಸರ್ವರಿನಲ್ಲಿಟ್ಟು ಎಲ್ಲರಿಗೂ ಹಂಚುವ ವ್ಯವಸ್ಥೆ ಇದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬೆಂಗಳೂರಿನಲ್ಲಿ ಆಗ ಸರ್ಕಾರಿ ಇಂಟರ್ನೆಟ್ ಕಂಪನಿಯಾಗಿದ್ದ ವಿ.ಎಸ್.ಎನ್.ಎಲ್.ನ ಡಯಲ್‌ಅಪ್ (ಟೆಲಿಫೋನ್ ಕರೆಯ ಮೂಲಕ ಪಡೆಯುವ ಇಂಟರ್ನೆಟ್) ಬಳಸುತ್ತಿದ್ದವರಂತೂ ಇದರ ಹತ್ತಿರ ಸುಳಿಯಬಾರದಿತ್ತು. ಅಲ್ಲಿ ಇಂಟರ್ನೆಟ್ ಗಂಟೆಗಳ ಜೊತೆಗೆ ಟೆಲಿಫೋನ್ ಬಿಲ್ಲೂ ಏರುತ್ತಿತ್ತು. ಮುಂಗಡವನ್ನಂತೂ ಯಾರೂ ಕೊಡಬೇಡಿ, ನನ್ನದು ಇನ್ನೂ ಅವರ ಬಳಿಯೇ ಇದೆ.