ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬು: ಒಂದೂವರೆ ವರ್ಷ ಉರಿಸಿದ ಮೇಲೆ

ಮನೆಯ ಎಂಟು ಬಲ್ಬುಗಳನ್ನು ಒಂದೇ ಸಲ ಬದಲಾಯಿಸಿ ಒಂದೂವರೆ ವರ್ಷ ಆಯಿತು. ಐದು ಬಲ್ಬು ಬಿಇಇ ಸ್ಟಾರ್ ಗುರುತಿರುವ (ಎಷ್ಟು ಕರೆಂಟು ಉಳಿಸುತ್ತದೆ ಅಂತ ತೋರಿಸುವ ಸರ್ಕಾರಿ ಗುರುತು) 9 ವ್ಯಾಟಿನವು, ಅಂಗಡಿಯಲ್ಲಿ ಬಿಲ್ ಹಾಕಿಸಿ ತಂದಿದ್ದು. ಇನ್ನು ಮೂರು ಸಂತೆಯಲ್ಲಿ ಗುಡ್ಡೆ ಹಾಕಿ ಮಾರುತ್ತಿದ್ದ ಅಗ್ಗದವು. ಆ ಮೂರರಲ್ಲಿ ಈಗ ಒಂದೂ ಉರಿಯುತ್ತಿಲ್ಲ.

ನಾವು ವ್ಯಾಟ್ ಕೇಳಿ ಬಲ್ಬು ತಂದು ರೂಢಿ ಆಗಿಬಿಟ್ಟಿದೆ, ಅಲ್ವಾ? ಆದರೆ ವ್ಯಾಟ್ ಅಂದರೆ ಬಲ್ಬು ಎಳೆಯುವ ಕರೆಂಟು ಅಷ್ಟೇ. ಎಷ್ಟು ಬೆಳಕು ಕೊಡುತ್ತದೆ ಅನ್ನೋದು ಲ್ಯೂಮೆನ್‌ನಲ್ಲಿ ಗೊತ್ತಾಗುತ್ತದೆ. ಹಳೇ 60 ವ್ಯಾಟಿನ ಹಳದಿ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು, ಉಳಿದ ಕರೆಂಟೆಲ್ಲ ಬಿಸಿಯಾಗಿ ಹೋಗುತ್ತಿತ್ತು. ನಾನು ತಂದ ಬಲ್ಬಿನ ಡಬ್ಬಿ ಮೇಲೆ 900 ಅಂತ ಇದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಹಳೆಯದಕ್ಕೆ ತಿಂಗಳಿಗೆ 9 ಯೂನಿಟ್ ಬೇಕು, ಇದಕ್ಕೆ 1.35 ಸಾಕು. ಅಗ್ಗದ ಬಲ್ಬುಗಳ ಡಬ್ಬಿಯಲ್ಲಿ ಲ್ಯೂಮೆನ್ ಬರೆದೇ ಇರಲಿಲ್ಲ, ನಾನೂ ಆಗ ನೋಡಲಿಲ್ಲ.

ಗೃಹಜ್ಯೋತಿ ಬಂದಮೇಲೆ ಕರೆಂಟು ಹೇಗೂ ಫ್ರೀ, ಇದೆಲ್ಲ ಯಾಕೆ ಅಂತ ಪಕ್ಕದ ಮನೆಯವರು ಕೇಳಿದರು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು, ಫ್ರಿಜ್ಜು, ಗೀಸರ್ ಎಲ್ಲ ಸೇರಿ ಆ ಗಡಿ ಹತ್ತಿರ ಹೋಗುವ ಮನೆಯಲ್ಲಿ ಬಲ್ಬಿನಿಂದ ಉಳಿಯುವ ಇಪ್ಪತ್ತು ಮೂವತ್ತು ಯೂನಿಟ್ ಸಣ್ಣದೇನಲ್ಲ.

ಬೆಳಕಿನ ಬಣ್ಣವನ್ನು ಡಬ್ಬಿ ಮೇಲೆ ಕೆಲ್ವಿನ್‌ನಲ್ಲಿ ಬರೆದಿರುತ್ತಾರೆ, ಅದರಲ್ಲಿ ನಾನು ಮೊದಲು ತಪ್ಪು ಮಾಡಿದೆ. ಎಲ್ಲ ಕಡೆಗೂ 6500 ಕೆಲ್ವಿನ್‌ನ ಬಿಳಿ ಬೆಳಕಿನವನ್ನೇ ತಂದೆ. ಅಡುಗೆಮನೆಗೆ ಅದು ಚೆನ್ನಾಗಿದೆ. ಅಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂತರೆ ಕಲ್ಲು, ನುಸಿ, ಮುರಿದ ನುಚ್ಚು ಎಲ್ಲ ಬೇರೆ ಬೇರೆಯಾಗಿ ಕಾಣುತ್ತದೆ. ಮೊದಲು ಅವರು ಮೊರ ಎತ್ತಿಕೊಂಡು ಕಿಟಕಿ ಹತ್ತಿರ ಹೋಗುತ್ತಿದ್ದರು, ಈಗ ಸಂಜೆ ಏಳಕ್ಕೂ ಅಲ್ಲೇ ಕೂತು ಆರಿಸುತ್ತಾರೆ. ಆದರೆ ಮಲಗುವ ಕೋಣೆಗೆ ಆ ಬಿಳಿ ತೀರಾ ಜಾಸ್ತಿ, ಕಣ್ಣಿಗೆ ಚುಚ್ಚುತ್ತದೆ. ಅಲ್ಲಿಗೂ ದೇವರಮನೆಗೂ 3000 ಕೆಲ್ವಿನ್‌ನ ಹಳದಿ ಬೆಳಕು ಹಾಕಿದೆ. ದೇವರಮನೆ ಈಗ ನಾನು ಚಿಕ್ಕವಳಿದ್ದಾಗ ಇದ್ದ ಹಾಗೇ ಕಾಣುತ್ತದೆ.

ಅಗ್ಗದವು ಹೋದ ರೀತಿ ಹೇಳಬೇಕು. ಒಂದನ್ನು ಬಚ್ಚಲಿನ ಮುಚ್ಚಿದ ಗಾಜಿನ ಬುರುಡೆಯೊಳಗೆ ಹಾಕಿದ್ದೆ. ನಾಲ್ಕೇ ತಿಂಗಳು. ಬಿಚ್ಚಿದಾಗ ಪ್ಲಾಸ್ಟಿಕ್ ಕತ್ತು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿತ್ತು. ಎಲ್ಇಡಿ ಬಲ್ಬಿನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಒಳಗಿನ ಡ್ರೈವರ್, ಅಂದರೆ ಮನೆ ಕರೆಂಟನ್ನು ಎಲ್ಇಡಿಗೆ ತಕ್ಕ ಹಾಗೆ ಮಾಡಿಕೊಡುವ ಸರ್ಕ್ಯೂಟು. ಬಿಸಿ ಹೊರಗೆ ಹೋಗದಿದ್ದರೆ ಅದಕ್ಕೆ ಉಳಿಗಾಲವಿಲ್ಲ. ಇನ್ನೊಂದು ಮಿಕ್ಸಿ ಹಾಕಿದಾಗೆಲ್ಲ ಮಿಣುಕುತ್ತಾ ಇದ್ದು ಒಂದಿನ ನಿಂತೇ ಹೋಯಿತು. ಮೂರನೆಯದು ಗುಡುಗು ಸಿಡಿಲಿನ ರಾತ್ರಿ ಹೋಯಿತು. ನಮ್ಮ ಕಡೆ ವೋಲ್ಟೇಜ್ ಏರಿಳಿತ ಇರೋದರಿಂದ ಈಗ ಡಬ್ಬಿ ಮೇಲೆ 4 ಕೆವಿ (ನಾಲ್ಕು ಸಾವಿರ ವೋಲ್ಟ್) ಸರ್ಜ್ ರಕ್ಷಣೆ, ಅಂದರೆ ವೋಲ್ಟೇಜ್ ಒಮ್ಮೆಲೇ ಜಿಗಿದರೆ ತಡೆಯುವ ಶಕ್ತಿ, ಅಂತ ಬರೆದಿದೆಯಾ ಅಂತ ನೋಡಿಯೇ ತರುತ್ತೇನೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಬಲ್ಬು ಹೊತ್ತಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಆ ಬೆಳಕು ಕಣ್ಣಿಗೆ ಕಾಣದಷ್ಟು ಬೇಗ ಅದುರುತ್ತಿದೆ ಅಂತ. ಮಕ್ಕಳು ಓದುವ ಜಾಗಕ್ಕೆ ಅಂಥದ್ದು ಬೇಡವೇ ಬೇಡ.

ಸ್ಟಾರ್ ಗುರುತಿನ ಐದರಲ್ಲೂ ಒಂದು ಎಂಟನೇ ತಿಂಗಳಿಗೆ ಹೋಯಿತು. ಎರಡು ವರ್ಷದ ವಾರಂಟಿ ಇತ್ತು, ಅಂಗಡಿಯವರು ಬಿಲ್ ನೋಡಿ ಮಾತಾಡದೆ ಬದಲಿ ಕೊಟ್ಟರು. ಅವತ್ತಿನಿಂದ ಬಲ್ಬಿನ ಕತ್ತಿನ ಮೇಲೆ ಮಾರ್ಕರ್ ಪೆನ್ನಲ್ಲಿ ತಾರೀಕು ಬರೆದೇ ಹೋಲ್ಡರಿಗೆ ಹಾಕುತ್ತೇನೆ, ಬಿಲ್ಲುಗಳನ್ನೆಲ್ಲ ಮೀಟರ್ ಬೋರ್ಡಿನ ಹಿಂದೆ ಸಿಕ್ಕಿಸಿಟ್ಟಿದ್ದೇನೆ.