ದಾಖಲೆ ಸ್ಕ್ಯಾನಿಂಗ್ ಸೇವೆ: ಪುಟಗಳ ಕೆಲಸಕ್ಕೆ ಪೂರ್ತಿ ಅಂಕ, ಪಟ್ಟಿಗೆ ಅರ್ಧ

ಸಿವಿಲ್ ದಾವೆಯ ಕಡತಗಳನ್ನು ಕಚೇರಿಯಿಂದ ಒಯ್ದು, ಸ್ಕ್ಯಾನ್ ಮಾಡಿ, ಪುಟಕ್ಕೆ ನಂಬರ್ ಹಾಕಿ, ಪಟ್ಟಿ ಸಮೇತ ತಂದುಕೊಡುವ ಸೇವೆಗಳನ್ನು ವಕೀಲರೂ ಕಂಪನಿಗಳೂ ಬಳಸುತ್ತಾರೆ. ಯಾವುದೇ ಒಂದು ಸಂಸ್ಥೆಯನ್ನು ಎತ್ತಿಕೊಳ್ಳದೆ, ಈ ಬಗೆಯ ಸೇವೆಯನ್ನೇ ಇಲ್ಲಿ ತೂಗಿ ನೋಡಿದ್ದೇವೆ. ಅಳತೆಗೋಲು ಒಂದೇ: ದಾಖಲೆ ಮುಚ್ಚಿಟ್ಟವರಿಗೆ ಕೋರ್ಟು ವಿಧಿಸುವ ಶಿಕ್ಷೆಯಿಂದ ಇದು ಕಕ್ಷಿದಾರರನ್ನು ಎಷ್ಟರ ಮಟ್ಟಿಗೆ ಕಾಪಾಡುತ್ತದೆ?

ಆ ಶಿಕ್ಷೆ ಸಣ್ಣದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11, ನಿಯಮ 21ರ ಪ್ರಕಾರ, ದಾಖಲೆ ತೋರಿಸಿ ಎಂದು ಕೋರ್ಟು ಆದೇಶಿಸಿದ ಮೇಲೂ ತೋರಿಸದ ವಾದಿಯ ದಾವೆ ವಜಾ ಆಗಬಹುದು, ಅದೇ ಕಾರಣದ ಮೇಲೆ ಹೊಸ ದಾವೆ ಹೂಡುವ ದಾರಿಯೂ ಮುಚ್ಚುತ್ತದೆ. ಪ್ರತಿವಾದಿಯಾದರೆ ಪ್ರತಿವಾದವನ್ನೇ ಹೊಡೆದುಹಾಕಬಹುದು. ಮೊಂಡುತನದಿಂದ ಆದೇಶ ಮೀರಿದಾಗ ಮಾತ್ರ ಈ ಅಸ್ತ್ರ ಬಳಸಬೇಕು ಎಂದು ಬಬ್ಬರ್ ಹೊಲಿಗೆ ಯಂತ್ರ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಹಾಗಾಗಿ ಮೊದಲ ತಪ್ಪಿಗೇ ಪ್ರತಿವಾದ ಹೋಗುವುದು ಅಪರೂಪ. ನಿತ್ಯದ ಹೊಡೆತ ಬೇರೆ ಕಡೆಯಿಂದ ಬೀಳುತ್ತದೆ. ಕೈಯಲ್ಲಿದ್ದ ದಾಖಲೆಯನ್ನು ಹಾಜರುಪಡಿಸದಿದ್ದರೆ ಅದು ನಿಮಗೇ ವಿರುದ್ಧವಾಗಿತ್ತು ಎಂದು ನ್ಯಾಯಾಧೀಶರು ಊಹಿಸಬಹುದು. ಹಳೆಯ ಸಾಕ್ಷ್ಯ ಕಾಯಿದೆಯ 114ನೇ ಕಲಮಿನಲ್ಲಿದ್ದ ಈ ಮಾತು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 119ರಲ್ಲಿದೆ. ಗೆದ್ದ ಮೇಲೂ ನೆಮ್ಮದಿ ಇಲ್ಲ. ಆಸ್ತಿಯ ಹಕ್ಕು ಬಿಟ್ಟುಕೊಟ್ಟ ಬಿಡುಗಡೆ ಪತ್ರವೊಂದನ್ನು ಮುಚ್ಚಿಟ್ಟು ಪಡೆದ ಆಸ್ತಿ ವಿಭಾಗದ ಡಿಕ್ರಿಯನ್ನು ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1993ರ ತೀರ್ಪು ಕೋರ್ಟಿಗೆ ಎಸಗಿದ ವಂಚನೆ ಎಂದು ಕರೆದು ಕಿತ್ತುಹಾಕಿತು.

ಈಗ ಸೇವೆಯ ಕೆಲಸಕ್ಕೆ ಬರೋಣ. ಕಾಗದದ ವಿಷಯದಲ್ಲಿ ಇವರು ನಿಜಕ್ಕೂ ಗಟ್ಟಿಗರು. ಪಿನ್ ಬಿಚ್ಚಿ, ಮಡಿಕೆ ಸರಿಮಾಡಿ, 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿಗಳ ಸ್ಪಷ್ಟತೆಯಲ್ಲಿ) ತೆಗೆದ ಪ್ರತಿ ಓದಲು ಹಿತವಾಗಿರುತ್ತದೆ. ಮಸುಕಾಗುತ್ತಿರುವ ಥರ್ಮಲ್ ಬಿಲ್ಲುಗಳನ್ನು ಅಳಿಸಿಹೋಗುವ ಮುನ್ನ ಉಳಿಸಿಕೊಳ್ಳಲು ಈ ಒಂದು ಕೆಲಸವೇ ಸಾಕು. ಆದರೆ ಒಂದೇ ಮಗ್ಗುಲು ಸ್ಕ್ಯಾನ್ ಮಾಡುತ್ತಾರೋ ಎರಡೂ ಮಗ್ಗುಲೋ ಎಂದು ಮೊದಲೇ ಬರೆಸಿಕೊಳ್ಳಿ. ಡೆಲಿವರಿ ಚಲನ್ನಿನ ಮುಂಭಾಗದಲ್ಲಿ ಅಚ್ಚಾದ ಲೆಕ್ಕವಿದ್ದರೆ, ಹಿಂಭಾಗದಲ್ಲಿ ನೀಲಿ ಪೆನ್ನಿನಲ್ಲಿ 'ಎರಡು ಪೆಟ್ಟಿಗೆ ಕಡಿಮೆ' ಎಂದು ಬರೆದು ಸಹಿ ಹಾಕಿರುತ್ತಾರೆ. ವ್ಯಾಜ್ಯ ಇರುವುದೇ ಆ ಎರಡು ಪೆಟ್ಟಿಗೆಯ ಮೇಲೆ. ಹಿಂಭಾಗ ಬಿಟ್ಟುಹೋದರೆ ಎದುರಾಳಿಯ ಕಣ್ಣಿಗೆ ಅದು ಮರೆವಾಗಿ ಕಾಣುವುದಿಲ್ಲ, ಮುಚ್ಚುಮರೆಯಾಗಿ ಕಾಣುತ್ತದೆ.

'ನಕಲುಗಳನ್ನು ತೆಗೆದುಹಾಕುತ್ತೇವೆ' ಎಂಬ ಸೌಲಭ್ಯದ ಬಗ್ಗೆಯೂ ಎಚ್ಚರ ಬೇಕು. ಒಂದೇ ಕರಾರಿನ ಎರಡು ಜೆರಾಕ್ಸ್‌ಗಳಲ್ಲಿ ಒಂದರ ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ ಇದ್ದರೆ ಅವು ಎರಡು ಬೇರೆ ದಾಖಲೆಗಳು. ಕಾಗದದ ಕಡತಕ್ಕೆ ಈ ಸೌಲಭ್ಯವನ್ನೇ ನಿಲ್ಲಿಸಿ ಎನ್ನುವುದು ನಮ್ಮ ಸಲಹೆ.

ಪುಟಸಂಖ್ಯೆಯಲ್ಲಿ ಒಂದು ಪಟ್ಟು ಬಿಡಬೇಡಿ: ಒಮ್ಮೆ ಹಾಕಿದ ನಂಬರ್ ಬದಲಾಗಕೂಡದು. ತಡವಾಗಿ ಸಿಕ್ಕ ಕಾಗದ ಕೊನೆಯ ನಂಬರಿನ ನಂತರ ಬರಲಿ, ನಡುವೆ ತುರುಕಿದರೆ ಮೊದಲು ಕೊಟ್ಟ ಪ್ರತಿಗೂ ಇದಕ್ಕೂ ತಾಳೆಯಾಗುವುದಿಲ್ಲ.

ಅಂಕ ಕಳೆದುಕೊಳ್ಳುವುದು ಪಟ್ಟಿಯಲ್ಲಿ. ಸಾಮಾನ್ಯವಾಗಿ ಕೊಡುವ ಎಕ್ಸೆಲ್ ಹಾಳೆಯಲ್ಲಿ ಕ್ರಮಸಂಖ್ಯೆ, ದಿನಾಂಕ, ವಿವರ, ಪುಟ ಇಷ್ಟೇ ಇರುತ್ತದೆ. ತಮ್ಮ ಬಳಿಯ ದಾಖಲೆಗಳ ಬಗ್ಗೆ ಕಕ್ಷಿದಾರರು ಪ್ರಮಾಣ ಮಾಡಿ ಕೊಡುವ ಅಫಿಡವಿಟ್ಟಿನ ಮಾದರಿ, ಅಂದರೆ ಸಂಹಿತೆಯ ಅನುಬಂಧ ಸಿ, ನಮೂನೆ 5, ಕೇಳುವುದು ಇನ್ನೂ ಹೆಚ್ಚು. ಮೊದಲ ಅನುಸೂಚಿಯ ಒಂದನೇ ಭಾಗದಲ್ಲಿ ತೋರಿಸಲು ತಕರಾರಿಲ್ಲದ ದಾಖಲೆಗಳು, ಎರಡನೇ ಭಾಗದಲ್ಲಿ ತೋರಿಸಲು ಆಕ್ಷೇಪವಿರುವವು. ವಕೀಲರ ಜೊತೆಗಿನ ಪತ್ರವ್ಯವಹಾರ ಸೇರಬೇಕಾದ್ದು ಈ ಎರಡನೇ ಭಾಗಕ್ಕೆ, ಕಾರಣ ಸಮೇತ. ಪಟ್ಟಿಯಿಂದಲೇ ಬಿಟ್ಟರೆ ಅದು ಬಚ್ಚಿಟ್ಟಂತೆ. ಎರಡನೇ ಅನುಸೂಚಿ ಹಿಂದೆ ನಿಮ್ಮ ಬಳಿ ಇದ್ದು ಈಗ ಇಲ್ಲದವುಗಳದ್ದು: ಕೊನೆಗೆ ಯಾವಾಗ ಇತ್ತು, ಏನಾಯಿತು, ಈಗ ಯಾರ ಹತ್ತಿರ ಇದೆ. ಕೊಟ್ಟ ಡಬ್ಬಿಯನ್ನಷ್ಟೇ ನೋಡುವ ಸೇವೆಗೆ, ಡಬ್ಬಿಯಲ್ಲಿ ಇಲ್ಲದ್ದು ಎಲ್ಲಿಂದ ಗೊತ್ತಾಗಬೇಕು? ಈ ಅನುಸೂಚಿಯನ್ನು ಕಕ್ಷಿದಾರರೇ ಕೂತು ತುಂಬಬೇಕು. ಕೆಲಸ ಬಿಟ್ಟುಹೋದ ಅಕೌಂಟೆಂಟು, ಹಳೆಯ ಗೋದಾಮು, ಆಡಿಟರ್ ಒಯ್ದ ಲೆಡ್ಜರು, ಎಲ್ಲರನ್ನೂ ಎಲ್ಲವನ್ನೂ ವಿಚಾರಿಸಿಯೇ ಪ್ರಮಾಣ ಮಾಡಬೇಕು.

3 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಲ್ಲಿ ಹಿಡಿತ ಇನ್ನೂ ಬಿಗಿ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಬದಲಿಸಿದ ಆದೇಶ 11ರಲ್ಲಿ ಎದುರಾಳಿ ಅರ್ಜಿ ಹಾಕುವವರೆಗೆ ಕಾಯುವ ಮಾತೇ ಇಲ್ಲ. ವಾದಪತ್ರದ ಜೊತೆಗೇ, ನಿಮ್ಮ ವಾದಕ್ಕೆ ಪ್ರತಿಕೂಲವಾದ ದಾಖಲೆಗಳೂ ಸೇರಿ ಪಟ್ಟಿ ಬರಬೇಕು. ಪ್ರತಿಯೊಂದೂ ಮೂಲವೋ ಕಚೇರಿ ಪ್ರತಿಯೋ ಜೆರಾಕ್ಸೋ, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದೂ ಬೇಕು. ಬಿಟ್ಟಿದ್ದನ್ನು ಮುಂದೆ ಆಧಾರವಾಗಿ ಬಳಸಲು ಸಕಾರಣ ತೋರಿಸಿ ಕೋರ್ಟಿನ ಅನುಮತಿ ಪಡೆಯಬೇಕು. ಬೇಕೆಂದೋ ಅಲಕ್ಷ್ಯದಿಂದಲೋ ಬಿಟ್ಟವರ ಮೇಲೆ ದಂಡರೂಪದ ಖರ್ಚು ಹೇರುವ ಅಧಿಕಾರವೂ ಕೋರ್ಟಿಗಿದೆ. ಹೀಗಾಗಿ 'ಮೂಲ/ನಕಲು' ಮತ್ತು 'ಯಾರಿಂದ ಬಂತು' ಎಂಬ ಎರಡು ಕಾಲಂ ಇಲ್ಲದ ಪಟ್ಟಿಯನ್ನು ವಾಪಸ್ ಕಳಿಸಿ.

ಇಮೇಲ್, ವಾಟ್ಸಾಪ್ ಸಂಗ್ರಹಕ್ಕೆ ಸೇವೆಯ ನೆರವು ಉಪಯುಕ್ತ, ಆದರೆ ಕ್ರಮ ಮುಖ್ಯ. ಡಿಜಿಟಲ್ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಎ ಮತ್ತು ಬಿ ಎಂಬ ಎರಡು ಭಾಗಗಳಲ್ಲಿದ್ದು, ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಕೇಳುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರೆ ಅದು ಕುಗ್ಗಿ ಬೇರೆಯೇ ಫೈಲಾಗುತ್ತದೆ, ಹ್ಯಾಶ್ ಕೂಡ ಬದಲಾಗುತ್ತದೆ. ಆದ್ದರಿಂದ ಫೋನಿನಿಂದಲೇ ನೇರವಾಗಿ ನಕಲಿಸಿ, ಆಗಲೇ ಹ್ಯಾಶ್ ತೆಗೆಯುವ ಸೇವೆಯನ್ನೇ ಆರಿಸಿ. ಬಿ ಭಾಗಕ್ಕೆ ತಜ್ಞರಾಗಿ ಯಾರು ಸಹಿ ಹಾಕುತ್ತಾರೆ, ಕೋರ್ಟು ಕರೆದರೆ ಸಾಕ್ಷಿಕಟ್ಟೆಗೆ ಬರುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲೇ ಬರೆಸಿ.

ಕೊನೆಯದಾಗಿ ಮೂಲ ಪ್ರತಿಗಳು. ಜೆರಾಕ್ಸ್ ಹಾಕಿದ್ದರೂ ವಿವಾದಾಂಶ ರಚನೆಯ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು ಗೊತ್ತುಮಾಡುವ) ಹೊತ್ತಿಗೆ ಮೂಲ ಹಾಜರುಪಡಿಸಬೇಕೆಂದು ಆದೇಶ 13 ಹೇಳುತ್ತದೆ. ಡಬ್ಬಿ ವಾಪಸ್ ಬಂದಾಗ ಒಯ್ದ ದಿನದ ಎಣಿಕೆಯ ಚೀಟಿ ಪಕ್ಕಕ್ಕಿಟ್ಟುಕೊಂಡು ಕಡತ ಕಡತವಾಗಿ ಎಣಿಸಿ, ಆಮೇಲೆ ರಸೀದಿಗೆ ಸಹಿ ಹಾಕಿ.